1969ರ ಡಾಡ್ಜ್ ಚಾರ್ಜರ್, 1:18 ಅಳತೆ: ಮುಂಗಡ ಕಟ್ಟಿ ಕಾಯುತ್ತಿರುವ ಉತ್ತರ ಕನ್ನಡದವರು ಇಲ್ಲಿ ಬನ್ನಿ

ಕೋಡಿಬಾಗ ಕಾಳಿದಂಡೆ | ಮೇ 18

ಎಲ್ಲರಿಗೂ ನಮಸ್ಕಾರ. ನಮ್ಮ ಜಿಲ್ಲೆಯಲ್ಲಿ ಈ ಅಮೆರಿಕದ ಕಾರಿನ ಚಿಕ್ಕ ಮಾದರಿಗೆ (ಅಸಲಿ ಕಾರಿನ ಹದಿನೆಂಟರಲ್ಲಿ ಒಂದು ಪಾಲು ಅಳತೆ) ಮುಂಗಡ ಕಟ್ಟಿದವರು ಐದು ಜನ. ಶಿರಸಿಯವರು ಇಬ್ಬರು, ಅಂಕೋಲಾದ ಅಕ್ಕೋರು, ಭಟ್ಕಳದವರು ಒಬ್ಬರು, ಕಾರವಾರದಿಂದ ನಾನು. ಐದೂ ಕಾರು ಒಂದೇ ಪಾರ್ಸೆಲ್‌ನಲ್ಲಿ ಬರಲಿ ಅಂತ ಒಟ್ಟಿಗೆ ಬುಕ್ ಮಾಡಿದ್ದೆವು. ಮೊದಲು ಜನವರಿ ಅಂದರು. ಆಮೇಲೆ ಏಪ್ರಿಲ್ ಅಂದರು. ನಿನ್ನೆ ಬಂದ ಮೇಲ್‌ನಲ್ಲಿ ತಿಂಗಳ ಹೆಸರೇ ಇಲ್ಲ. ಮಾದರಿ ಇನ್ನೂ ತಯಾರಾಗುತ್ತಿದೆ ಅಂತ ಒಂದು ಸಾಲು ಇದೆ, ಅಷ್ಟೇ. ಬೇಡ ಅನ್ನುವವರು ಜೂನ್ ಕೊನೆಯೊಳಗೆ ಹೇಳಿದರೆ ಮುಂಗಡ ವಾಪಸ್ ಕೊಡುತ್ತಾರಂತೆ.

ಇಬ್ಬರು ಬಿಟ್ಟರೂ ಉಳಿದವರ ಮೇಲೆ ಸಾಗಣೆ ಖರ್ಚು ಜಾಸ್ತಿ ಬೀಳುತ್ತದೆ. ಹಾಗಾಗಿ ಮನಸ್ಸಿನಲ್ಲಿ ಇದ್ದದ್ದನ್ನು ಇಲ್ಲೇ ಹೇಳಿಬಿಡಿ.

ನನ್ನದು ಮೊದಲೇ ಹೇಳುತ್ತೇನೆ. ನಾನು ಕಾಯುತ್ತೇನೆ. ಚಿಕ್ಕವನಿದ್ದಾಗ ನಮ್ಮ ಮನೆ ಹತ್ತಿರ ಲಾರಿ ರಿಪೇರಿ ಮಾಡುವ ಒಂದು ಗ್ಯಾರೇಜ್ ಇತ್ತು. ಅದರ ಗೋಡೆಗೆ ಹಳೇ ಕ್ಯಾಲೆಂಡರಿನ ಒಂದು ಹಾಳೆ ಅಂಟಿಸಿದ್ದರು. ಅದರಲ್ಲಿ ಒಂದು ಕಾರಿನ ಹಿಂಭಾಗ ಮಾತ್ರ ಕಾಣುತ್ತಿತ್ತು. ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಕೆಂಪು ದೀಪ, ಡಿಕ್ಕಿಯ ಸುತ್ತ ಅಗಲ ಪಟ್ಟಿ. ತಾರೀಖಿನ ಭಾಗ ಹರಿದು ಹೋಗಿತ್ತು. ಗ್ರೀಸ್ ಬೆರಳಿನ ಗುರುತು ತುಂಬಾ ಇತ್ತು. ಅದು ಯಾವ ಕಾರು ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಸರು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ, ಒಂದು ಸೈಬರ್ ಕೆಫೆಯಲ್ಲಿ ಕೂತಾಗ. ಅಷ್ಟು ವರ್ಷ ಹೆಸರೇ ಗೊತ್ತಿಲ್ಲದೆ ಮನಸ್ಸಿನಲ್ಲಿ ಇಟ್ಟುಕೊಂಡ ಕಾರಿಗೆ ಇನ್ನು ಐದು ತಿಂಗಳು ಕಾಯುವುದು ನನಗೆ ಕಷ್ಟ ಅಲ್ಲ.

ಶಿರಸಿ ಅಡಕೆತೋಟ | ಮೇ 18

ನಾನೂ ಇದ್ದೇನೆ. ನೀಲಿ ಬಣ್ಣ ಹೇಳಿದ್ದೇನೆ, ಅದೇ ಬೇಕು.

ದೇವಿಕೆರೆ | ಮೇ 19

ಸ್ನೇಹಿತರೇ, ನನ್ನನ್ನು ಬಿಟ್ಟುಬಿಡಿ. ಮಗಳ ಶಾಲೆಯ ಫೀ ಈ ತಿಂಗಳು ಕಟ್ಟಬೇಕು. ಆ ಮುಂಗಡದ ದುಡ್ಡು ಈಗ ಕೈಗೆ ಬಂದರೆ ಅನುಕೂಲ. ಕಾರಿನ ಆಸೆ ಹೋಗಿಲ್ಲ. ಬಂದ ಮೇಲೆ ಅಡಕೆತೋಟದವರ ಮನೆಗೆ ಹೋಗಿ ನೋಡುತ್ತೇನೆ. ನಿಮಗೆಲ್ಲ ಖರ್ಚು ಜಾಸ್ತಿ ಆಗುತ್ತದಲ್ಲ ಅಂತ ಬೇಜಾರಿದೆ.

ಕೋಡಿಬಾಗ ಕಾಳಿದಂಡೆ | ಮೇ 19

ಬೇಜಾರು ಮಾಡಿಕೊಳ್ಳಬೇಡಿ ಮಾರಾಯ್ರೇ. ಮೊದಲು ಮಗಳ ಫೀ. ನಿಮ್ಮ ಹಸಿರು ಚಾರ್ಜರ್‌ಗೆ ಬೇರೆ ಯಾರಾದರೂ ಸಿಗುತ್ತಾರೆ.

ಯಲ್ಲಾಪುರ ಹೊಸಬ | ಮೇ 21

ನಾನು ಇಲ್ಲಿಗೆ ಹೊಸಬ. ನನ್ನ ಹತ್ತಿರ ಇರುವುದು ಅಂಗಡಿಯಲ್ಲಿ ತೂಗುಹಾಕಿರುವ ಚಿಕ್ಕ 1:64 ಕಾರುಗಳು ಮಾತ್ರ. ಎರಡು ಪ್ರಶ್ನೆ. ಮಸಲ್ ಕಾರು ಅಂದರೆ ಸರಿಯಾಗಿ ಏನು? ಮತ್ತೆ ಒಂದು ಗೇಣು ಉದ್ದದ ಕಾರಿಗೆ ಅಷ್ಟೊಂದು ಬೆಲೆ ಯಾಕೆ?

ಅಂಕೋಲಾ ಅಕ್ಕೋರು | ಮೇ 21

ಸ್ವಾಗತ ತಮ್ಮಾ. ಮೊದಲನೆಯ ಪ್ರಶ್ನೆ ನನಗೆ ಇರಲಿ.

ಅಮೆರಿಕದಲ್ಲಿ ದೊಡ್ಡ ಕಾರಿಗೆ ದೊಡ್ಡ ಎಂಜಿನ್, ಮಧ್ಯಮ ಕಾರಿಗೆ ಮಧ್ಯಮ ಎಂಜಿನ್ ಅನ್ನುವ ಪದ್ಧತಿ ಇತ್ತು. ಜನರಲ್ ಮೋಟರ್ಸ್‌ನಲ್ಲಂತೂ ಮಧ್ಯಮ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಅಂತ ಕಂಪನಿಯೊಳಗೇ ನಿಯಮ. ಅದರದೇ ಪಾಂಟಿಯಾಕ್ ವಿಭಾಗದ ಎಂಜಿನಿಯರುಗಳು 1964ರಲ್ಲಿ ಇದಕ್ಕೆ ದಾರಿ ಹುಡುಕಿದರು. ಟೆಂಪೆಸ್ಟ್ ಅನ್ನುವ ಮಧ್ಯಮ ಕಾರಿಗೆ 389 ಘನ ಇಂಚಿನ ವಿ8 (ಎಂಟು ಸಿಲಿಂಡರಿನ) ಎಂಜಿನ್ ಅನ್ನು ಐಚ್ಛಿಕ ಪ್ಯಾಕೇಜ್ ಅಂತ ಕೊಟ್ಟರು. ಅದೇ ಜಿಟಿಒ. ಹೀಗೆ ಮಧ್ಯಮ ಕಾರಿಗೆ ದೊಡ್ಡ ಎಂಜಿನ್ ಹಾಕಿದ್ದೇ ಮಸಲ್ ಕಾರು. ಮಸಲ್ ಕಾರಿನ ಕಾಲ ಅಲ್ಲಿಂದ ಶುರುವಾಯಿತು ಅಂತ ಹೆಚ್ಚಿನವರು ಹೇಳುತ್ತಾರೆ. ಹತ್ತು ವರ್ಷವೂ ನಡೆಯಲಿಲ್ಲ. ವಿಮೆ ದುಬಾರಿ ಆಯಿತು, ಹೊಗೆಯ ನಿಯಮ ಬಿಗಿ ಆಯಿತು, 1973ರ ತೈಲ ಬಿಕ್ಕಟ್ಟು ಬಂತು.

ನಾವು ಕಾಯುತ್ತಿರುವ ಚಾರ್ಜರ್ ಆರ್/ಟಿ (ಚಾರ್ಜರಿನ ಹೆಚ್ಚು ಶಕ್ತಿಯ ಆವೃತ್ತಿ) ಆ ಕಾಲದ ನಡುಮಧ್ಯದ್ದು. 440 ಘನ ಇಂಚಿನ ಮ್ಯಾಗ್ನಮ್ ಎಂಜಿನ್, ಅಂದರೆ 7.2 ಲೀಟರ್, 375 ಅಶ್ವಶಕ್ತಿ. ಹೆಚ್ಚಿಗೆ ದುಡ್ಡು ಕೊಟ್ಟವರಿಗೆ 426 ಘನ ಇಂಚಿನ ಹೆಮಿ ಎಂಜಿನ್, 425 ಅಶ್ವಶಕ್ತಿ. ನಮ್ಮ ಹಳೇ ಅಂಬಾಸಿಡರಿನ ಪೆಟ್ರೋಲ್ ಎಂಜಿನ್ 1.5 ಲೀಟರ್. ಅಂಥವು ಹೆಚ್ಚುಕಡಿಮೆ ಐದು ಸೇರಿದರೆ ಒಂದು 440. ಒಂದು ಮಾತು ಮಾತ್ರ ನೆನಪಿರಲಿ. ಆಗಿನ ಅಶ್ವಶಕ್ತಿಯನ್ನು ಎಂಜಿನ್ ಒಂದನ್ನೇ ಹೊರಗಿಟ್ಟು ಅಳೆಯುತ್ತಿದ್ದರು. 1972ರಿಂದ ಸೈಲೆನ್ಸರ್, ಫಿಲ್ಟರ್ ಎಲ್ಲ ಸೇರಿಸಿ ಅಳೆಯುವ ಲೆಕ್ಕ ಬಂತು. ಹಾಗಾಗಿ ಹಳೆಯ ಅಂಕಿಗಳು ಸ್ವಲ್ಪ ದೊಡ್ಡದಾಗಿಯೇ ಕಾಣುತ್ತವೆ.

ಶರಾವತಿ ಡೈಮೇಕರ್ | ಮೇ 22

ಎರಡನೇ ಪ್ರಶ್ನೆಗೆ ನಾನು ಉತ್ತರ ಹೇಳಬಹುದು. ನಮ್ಮದು ಹೊನ್ನಾವರ. ಬೆಳಗಾವಿಯ ಉದ್ಯಮಬಾಗದಲ್ಲಿ ತುಂಬಾ ವರ್ಷ ಡೈ ಕಾಸ್ಟಿಂಗ್ ಕೆಲಸ ಮಾಡಿದ್ದೇನೆ. ನಾವು ಮಾಡುತ್ತಿದ್ದದ್ದು ಬೀಗದ ಹಿಡಿಕೆ, ಬೈಕಿನ ಭಾಗ. ಆದರೆ ಕಾರಿನ ಬಾಡಿ ತೆಗೆಯುವುದಕ್ಕೂ ದಾರಿ ಅದೇ.

ಲೋಹದ ಹೆಸರು ಝಮಾಕ್. ಸತು, ಅಲ್ಯೂಮಿನಿಯಂ, ಮೆಗ್ನೀಸಿಯಂ, ತಾಮ್ರ ಇವುಗಳ ಜರ್ಮನ್ ಹೆಸರಿನ ಮೊದಲ ಅಕ್ಷರಗಳು ಸೇರಿ ಆದ ಹೆಸರು. ಅಲ್ಯೂಮಿನಿಯಂ ಸುಮಾರು ನೂರಕ್ಕೆ ನಾಲ್ಕು ಭಾಗ, ಉಳಿದದ್ದು ಬಹುಪಾಲು ಸತು. 385 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ. ಕರಗಿದ ಲೋಹವನ್ನು ಒತ್ತಡ ಹಾಕಿ ಡೈ ಅನ್ನುವ ಉಕ್ಕಿನ ಅಚ್ಚಿನ ಒಳಗೆ ತಳ್ಳುತ್ತೇವೆ. ಕ್ಷಣದಲ್ಲಿ ಗಟ್ಟಿ ಆಗುತ್ತದೆ. ಡೈ ತೆರೆದರೆ ಬಾಡಿ ಹೊರಗೆ. ಅಂಚಿನಲ್ಲಿ ಉಳಿದ ತೆಳು ಲೋಹವನ್ನು ಕತ್ತರಿಸಿ, ಉಜ್ಜಿ, ಬಣ್ಣಕ್ಕೆ ಕಳಿಸುತ್ತಾರೆ.

ಹೀಗೆ ಹೇಳಿದರೆ ಸುಲಭ ಅನ್ನಿಸುತ್ತದೆ. ಖರ್ಚು ಇರುವುದು ಆ ಉಕ್ಕಿನ ಡೈನಲ್ಲಿ. ಅದನ್ನು ಕೊರೆಯುವುದೇ ತಿಂಗಳುಗಟ್ಟಲೆ ಕೆಲಸ. ಬಾಡಿಗೆ ಒಂದು, ಬಾನೆಟ್‌ಗೆ ಒಂದು, ಬಾಗಿಲಿಗೆ, ತಳಕ್ಕೆ, ಒಳಗಿನ ಪ್ಲಾಸ್ಟಿಕ್ ಭಾಗಗಳಿಗೆ ಬೇರೆ ಬೇರೆ. 1:64 ಕಾರು ಲಕ್ಷಗಟ್ಟಲೆ ಮಾರಾಟ ಆಗುತ್ತದೆ, ಡೈ ಖರ್ಚು ಒಂದೊಂದರ ಮೇಲೆ ಬೀಳುವುದು ಪೈಸೆ ಲೆಕ್ಕದಲ್ಲಿ. ಬಾಗಿಲು ತೆರೆಯುವ 1:18 ಕಾರು ಅಷ್ಟು ಹೋಗುವುದಿಲ್ಲ. ಅದಕ್ಕೇ ಈ ಬೆಲೆ. ಜೊತೆಗೆ ಕಾರು ಕಂಪನಿಯ ಅನುಮತಿಗೂ ದುಡ್ಡು ಕೊಡಬೇಕು, ಪ್ರತಿ ಹಂತದಲ್ಲೂ ಅವರ ಒಪ್ಪಿಗೆ ಪಡೆಯಬೇಕು. ತಡ ಆಗಲು ಅದೂ ಒಂದು ಕಾರಣ.

ಕುಮಟಾ ಸಣ್ಣಕಾರು | ಮೇ 24

ಐದು ಜನ ಸೇರಿ ಪಾರ್ಸೆಲ್ ಯಾಕೆ? ನನ್ನ ಭಾವ ಅಮೆರಿಕದಲ್ಲಿದ್ದಾನೆ. ಗಿಫ್ಟ್ ಅಂತ ಬರೆದು ಕಳಿಸಿದರೆ ಸುಂಕ ಇರುವುದಿಲ್ಲ ಅಲ್ವಾ?

ಭಟ್ಕಳ ಗಲ್ಫ್ | ಮೇ 24

ಅದು ಹಳೇ ಮಾತು ಅಣ್ಣ. ಮೊದಲು ಒಂದು ಮಿತಿಯವರೆಗಿನ ಉಡುಗೊರೆಗೆ ವಿನಾಯಿತಿ ಇತ್ತು. 2019ರ ಡಿಸೆಂಬರಿನಲ್ಲಿ ತೆಗೆದರು. ಈಗ ರಾಖಿಗೆ, ಜೀವ ಉಳಿಸುವ ಔಷಧಿಗೆ ಬಿಟ್ಟರೆ ಅದು ನಡೆಯುವುದಿಲ್ಲ. ಸುಳ್ಳು ಬರೆಸಿ ಭಾವನನ್ನು ಸಿಕ್ಕಿಸಬೇಡಿ.

ಸುಂಕದ ಲೆಕ್ಕ ನಾನು ಚೆನ್ನಾಗಿ ಕಲಿತಿದ್ದೇನೆ, ದುಡ್ಡು ಕಟ್ಟಿಯೇ ಕಲಿತದ್ದು. 2020ರ ಬಜೆಟ್‌ನಲ್ಲಿ ಆಟಿಕೆಗಳ ಆಮದು ಸುಂಕ ನೂರಕ್ಕೆ 20 ಇದ್ದದ್ದು 60 ಆಯಿತು. 2023ರಲ್ಲಿ 70 ಆಯಿತು. ನಮ್ಮ ಮಾದರಿ ಕಾರುಗಳೂ ಅದೇ ಪಟ್ಟಿಯೊಳಗೆ ಬರುತ್ತವೆ. ಸುಂಕ ಬೀಳುವುದು ಕಾರಿನ ಬೆಲೆಗೆ ಮಾತ್ರ ಅಲ್ಲ, ಸಾಗಣೆ ವೆಚ್ಚ ಸೇರಿಸಿದ ಮೊತ್ತಕ್ಕೆ. ಕಾರು 8,000, ಸಾಗಣೆ 2,000 ಅಂತ ಇಟ್ಟುಕೊಳ್ಳಿ. ನೂರಕ್ಕೆ 70ರ ಲೆಕ್ಕದಲ್ಲಿ 10,000ಕ್ಕೆ ಸುಂಕ 7,000. ಆ 17,000ದ ಮೇಲೆ ಜಿಎಸ್‌ಟಿ. ಅದಕ್ಕೇ ಒಟ್ಟಿಗೆ ತರಿಸುವುದು. ಸಾಗಣೆ ಹಂಚಿಹೋದರೆ ಸುಂಕವೂ ಇಳಿಯುತ್ತದೆ.

ನಮ್ಮೂರಿನಲ್ಲಿ ಮನೆಗೊಬ್ಬರಾದರೂ ಗಲ್ಫ್‌ನಲ್ಲಿ ಇದ್ದಾರೆ. ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಬ್ಯಾಗೇಜ್ ಮಿತಿಯೊಳಗೆ ಒಂದೆರಡು ಕಾರು ತರಿಸಬಹುದು. ನನ್ನ ಶೆಲ್ಫಿನಲ್ಲಿ ಇರುವ ಅರ್ಧದಷ್ಟು ಹಾಗೇ ಬಂದದ್ದು. ಆದರೆ ಈ ಚಾರ್ಜರ್ ಅಲ್ಲಿ ಅಂಗಡಿಗೆ ಬರುವುದು ಇನ್ನೂ ತಡ ಅಂತೆ.

ಯಲ್ಲಾಪುರ ಹೊಸಬ | ಮೇ 25

ಇಷ್ಟು ವಿವರವಾಗಿ ಹೇಳಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಆ ಹಸಿರು ಚಾರ್ಜರ್ ಇನ್ನೂ ಖಾಲಿ ಇದೆಯಾ? ಮುಂಗಡ ನಾನು ಕಟ್ಟಬಹುದಾ?

ಕೋಡಿಬಾಗ ಕಾಳಿದಂಡೆ | ಮೇ 25

ಖಂಡಿತ. ದೇವಿಕೆರೆಯವರಿಗೆ ನೀವೇ ನೇರವಾಗಿ ದುಡ್ಡು ಕಳಿಸಿ. ಬುಕಿಂಗ್ ಹೆಸರು ನಾನು ಬದಲಾಯಿಸುತ್ತೇನೆ. ಮತ್ತೆ ಐದು ಜನ ಆದೆವು. ಸಂತೋಷ ಆಯಿತು.

ಶಿರಸಿ ಅಡಕೆತೋಟ | ಜೂನ್ 2

ಇವತ್ತು ಒಂದು ಸಂಗತಿ ನಡೆಯಿತು, ಇಲ್ಲಿ ಹೇಳಲೇಬೇಕು.

ಮಳೆ ಹಿಡಿಯುವ ಮೊದಲು ತೋಟದ ಕಾಲುವೆ ಹೂಳು ತೆಗೆಸುತ್ತಿದ್ದೆ. ಗುದ್ದಲಿಗೆ ಏನೋ ಠಣ್ ಅಂತ ತಾಗಿತು. ಕಲ್ಲಿರಬೇಕು ಅಂದುಕೊಂಡೆ. ನೀರಿನಲ್ಲಿ ತೊಳೆದರೆ ಒಂದು ಕಾರು! ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಕಳೆದುಕೊಂಡ ಕಾರು. ಮಾರಿಕಾಂಬಾ ಜಾತ್ರೆಯಲ್ಲಿ ಬಿಡಕಿಬೈಲಿನ ಆಟಿಕೆ ಅಂಗಡಿಯಲ್ಲಿ ಅಪ್ಪ ಕೊಡಿಸಿದ್ದರು. ಜಾತ್ರೆ ಎರಡು ವರ್ಷಕ್ಕೊಮ್ಮೆ ಅಲ್ವಾ, ಹಾಗಾಗಿ ಮುಂದಿನ ಜಾತ್ರೆವರೆಗೂ ಅತ್ತಿದ್ದೆ ಅಂತ ಅಮ್ಮ ಈಗಲೂ ಹೇಳುತ್ತಾರೆ.

ಟಯರು ನಾಲ್ಕೂ ಇಲ್ಲ. ಚಕ್ರಗಳನ್ನು ಜೋಡಿಸುವ ತಂತಿ ಪೂರ್ತಿ ತುಕ್ಕು ಹಿಡಿದು ಹೋಗಿದೆ, ತೂತಿನಲ್ಲಿ ಕೆಂಪು ಪುಡಿ ಮಾತ್ರ ಇದೆ. ಆದರೆ ಬಾಡಿ ಹಾಗೇ ಇದೆ. ಬಣ್ಣ ಹೋದ ಕಡೆ ಸುಣ್ಣದ ಹಾಗೆ ಬೆಳ್ಳಗೆ ಪದರ ಕಟ್ಟಿದೆ. ಬಾನೆಟ್ ಮೇಲಿನ ಗಾಳಿಗಿಂಡಿಯ ಉಬ್ಬು ಉಗುರಿಗೆ ಈಗಲೂ ಸಿಗುತ್ತದೆ. ಮಗ ಅದನ್ನು ಕೈಯಲ್ಲೇ ಹಿಡಿದುಕೊಂಡು ಮಲಗಿದ್ದಾನೆ.

ಡೈಮೇಕರ್ ಅವರೇ, ಇಷ್ಟು ವರ್ಷ ಕೆಸರಿನಲ್ಲಿ ಇದ್ದರೂ ಬಾಡಿ ಪುಡಿ ಆಗಿಲ್ಲ ಯಾಕೆ?

ಶರಾವತಿ ಡೈಮೇಕರ್ | ಜೂನ್ 2

ಓದಿ ಖುಷಿ ಆಯಿತು. ತಂತಿ ಉಕ್ಕಿನದು, ಅದಕ್ಕೆ ಕೆಂಪು ತುಕ್ಕು. ಸತುವಿಗೆ ಕೆಂಪು ತುಕ್ಕು ಬರುವುದಿಲ್ಲ, ಬಿಳಿ ಪದರ ಬರುತ್ತದೆ. ಆ ಪದರವೇ ಒಳಗಿನ ಲೋಹವನ್ನು ಸುಮಾರು ಮಟ್ಟಿಗೆ ಕಾಯುತ್ತದೆ. ಅದನ್ನು ತಂತಿ ಬ್ರಷ್ಷಿನಿಂದ ಉಜ್ಜಬೇಡಿ.

ಸತುವಿನಲ್ಲಿ ಸೀಸ ಬೆರೆತಿದ್ದರೆ ಕಥೆ ಬೇರೆ. ಕಣ ಕಣದ ನಡುವೆ ಒಳಗಿಂದಲೇ ಬಿರುಕು ಬಿಟ್ಟು, ಕೈಯಲ್ಲಿ ಹಿಡಿದರೆ ಬಿಸ್ಕೆಟ್ ಥರ ಮುರಿಯುತ್ತದೆ. ತುಂಬಾ ಹಳೆಯ ಆಟಿಕೆಗಳಿಗೆ ಈ ರೋಗ ಇತ್ತು. 1929ರಲ್ಲಿ ಅಮೆರಿಕದ ನ್ಯೂಜೆರ್ಸಿ ಝಿಂಕ್ ಕಂಪನಿ ಅತಿ ಶುದ್ಧ ಸತು ಬಳಸಿ ಝಮಾಕ್ ಮಾಡಿದ್ದೇ ಇದಕ್ಕೆ ಪರಿಹಾರವಾಗಿ. ನಿಮ್ಮ ಜಾತ್ರೆ ಕಾರಿನ ಲೋಹ ಶುದ್ಧವಾಗಿತ್ತು ಅಂತ ಅರ್ಥ.

ಅಂಕೋಲಾ ಅಕ್ಕೋರು | ಜೂನ್ 14

ಎಲ್ಲರೂ ಸ್ವಲ್ಪ ಗಮನ ಕೊಡಿ. ತಯಾರಕರು ಬಣ್ಣ ಹಾಕದ ಮೊದಲ ಮಾದರಿಯ ಚಿತ್ರಗಳನ್ನು ಹಾಕಿದ್ದಾರೆ. ಎರಡು ದಿನ ಕೂತು ನೋಡಿದೆ.

ಅಳತೆಯಿಂದ ಶುರು ಮಾಡುತ್ತೇನೆ. ಅಸಲಿ ಕಾರಿನ ಉದ್ದ 208 ಇಂಚು, ಅಂದರೆ 5.28 ಮೀಟರ್. ಚಕ್ರದಿಂದ ಚಕ್ರಕ್ಕೆ 117 ಇಂಚು. ಹದಿನೆಂಟರಿಂದ ಭಾಗಿಸಿದರೆ ಉದ್ದ 29.3 ಸೆಂಟಿಮೀಟರ್, ಚಕ್ರದ ಅಂತರ 16.5 ಸೆಂಟಿಮೀಟರ್. ಚಿತ್ರದಲ್ಲಿ ಪಕ್ಕದಲ್ಲೇ ಸ್ಕೇಲ್ ಇಟ್ಟಿದ್ದಾರೆ. ಎರಡೂ ಸರಿ ಇದೆ. ಮನಸ್ಸಿಗೆ ಸಮಾಧಾನ ಆಯಿತು.

ಮುಂಭಾಗವೂ ಸರಿ. 1968ರ ಗ್ರಿಲ್ ಆಚೆಯಿಂದ ಈಚೆಗೆ ಒಂದೇ. 1969ರದಕ್ಕೆ ನಡುವೆ ಒಂದು ಕಂಬ ಬಂತು. ಮಾದರಿಯಲ್ಲಿ ಕಂಬ ಇದೆ. ಹೆಡ್‌ಲೈಟ್ ಮುಚ್ಚಿರುವ ಬಾಗಿಲುಗಳೂ ಇವೆ. ಹಿಂದೆ 1968ಕ್ಕೆ ನಾಲ್ಕು ದುಂಡು ದೀಪ, 1969ಕ್ಕೆ ಎರಡು ಉದ್ದ ದೀಪ. ಅದೂ ಸರಿ, ಕಾಳಿದಂಡೆಯವರ ಕ್ಯಾಲೆಂಡರಿನಲ್ಲಿ ಇದ್ದ ಹಾಗೇ. ಬಾಗಿಲಿನ ಮೇಲಿನ ಎರಡು ತಗ್ಗುಗಳು ಆಳವಾಗಿವೆ. ಬಣ್ಣ ಬಿದ್ದ ಮೇಲೂ ಮುಚ್ಚಿಹೋಗಲಾರವು.

ಆದರೆ ಪಕ್ಕದ ಮಾರ್ಕರ್ ದೀಪ ನೋಡಿ. ಮುಂದಿನ ಚಕ್ರದ ಮುಂದೆ ಒಂದು, ಹಿಂದಿನ ಚಕ್ರದ ಹಿಂದೆ ಒಂದು ಚಿಕ್ಕದಾಗಿ ಇರುತ್ತದಲ್ಲ, ಅದು ಇಲ್ಲಿ ದುಂಡಗಿದೆ. ದುಂಡಗಿನದು 1968ರದ್ದು. 1969ಕ್ಕೆ ಆಯತಾಕಾರ. ಇಡೀ ಕಾರು 1969, ಮಾರ್ಕರ್ ಮಾತ್ರ 1968.

ಸಣ್ಣದು ಅಂತ ಬಿಡಬಹುದು. ನನಗೆ ಬಿಡಲು ಆಗುತ್ತಿಲ್ಲ. ನಾವು ವರ್ಷಗಟ್ಟಲೆ ಕಾಯುವುದು ಆ ವರ್ಷದ ಕಾರಿಗಾಗಿ. ಇನ್ನೂ ಬಣ್ಣ ಬಿದ್ದಿಲ್ಲ, ಹೇಳುವುದಿದ್ದರೆ ಈಗಲೇ ಹೇಳಬೇಕು. ನಾನು ಪತ್ರ ಬರೆಯುತ್ತೇನೆ, ಐವರೂ ಹೆಸರು ಹಾಕೋಣ.

ಭಟ್ಕಳ ಗಲ್ಫ್ | ಜೂನ್ 14

ನನ್ನ ಹೆಸರು ಸೇರಿಸಿ ಅಕ್ಕೋರೇ. ಆದರೆ ಒಂದು ಭಯ. ಇದರಿಂದ ಇನ್ನೂ ತಡ ಆದರೆ?

ಶರಾವತಿ ಡೈಮೇಕರ್ | ಜೂನ್ 15

ತಡ ಆಗುತ್ತದೆ. ಯಾಕೆ ಅಂತ ಹೇಳುತ್ತೇನೆ.

ಬಾಡಿಯ ಮೇಲೆ ಉಬ್ಬಿರುವುದು ಡೈ ಒಳಗೆ ತಗ್ಗಾಗಿರುತ್ತದೆ. ಉಕ್ಕನ್ನು ಇನ್ನಷ್ಟು ಕೊರೆಯುವುದು ಸುಲಭ. ಕೊರೆದದ್ದನ್ನು ತುಂಬಿಸುವುದು ಕಷ್ಟ. ಹೊಸ ಆಯತದೊಳಗೆ ಹಳೇ ದುಂಡು ಪೂರ್ತಿ ಮುಚ್ಚಿಹೋಗುವ ಹಾಗಿದ್ದರೆ ಸುಮ್ನೆ ಕೊರೆದರೆ ಮುಗಿಯಿತು. ಇಲ್ಲಿ ಹಾಗಿಲ್ಲ. ಆಯತ ಉದ್ದ ಜಾಸ್ತಿ, ಎತ್ತರ ಕಡಿಮೆ. ದುಂಡಿನ ಮೇಲ್ಭಾಗ, ಕೆಳಭಾಗ ಹೊರಗೆ ಉಳಿಯುತ್ತದೆ. ಹಾಗಾಗಿ ಮೊದಲು ತಗ್ಗನ್ನು ವೆಲ್ಡ್ ಮಾಡಿ ತುಂಬಬೇಕು, ಸಪಾಟು ಮಾಡಬೇಕು, ಪಾಲಿಶ್ ಹೊಡೆಯಬೇಕು, ಮತ್ತೆ ಹೊಸದಾಗಿ ಕೊರೆಯಬೇಕು. ಎರಡು ಪಕ್ಕಕ್ಕೆ ಎರಡೆರಡು, ಒಟ್ಟು ನಾಲ್ಕು ಕಡೆ.

ನಾನೇ ಆ ಬೆಂಚಿನ ಮುಂದೆ ಕೂತಿದ್ದರೆ ಬೈದುಕೊಂಡು ಮಾಡುತ್ತಿದ್ದೆ. ಆದರೆ ಮಾಡುತ್ತಿದ್ದೆ. ಬರೆಯಿರಿ ಅಕ್ಕೋರೇ.

ಶಿರಸಿ ಅಡಕೆತೋಟ | ಜೂನ್ 15

ನನ್ನ ಹೆಸರೂ ಇರಲಿ. ತಪ್ಪು ಕಾರು ಬೇಗ ಬಂದು ಏನು ಮಾಡಬೇಕು?

ಕುಮಟಾ ಸಣ್ಣಕಾರು | ಜೂನ್ 16

ನಾನು ಮುಂಗಡ ಕಟ್ಟಿಲ್ಲ. ಆದರೂ ಕೇಳುತ್ತೇನೆ. ಹಿಂದೆ ದೊಡ್ಡ ರೆಕ್ಕೆ ಇರುವ ಚಾರ್ಜರ್ ಇದೆಯಲ್ಲ, ಅದನ್ನು ಯಾಕೆ ಮಾಡುವುದಿಲ್ಲ ಇವರು?

ಅಂಕೋಲಾ ಅಕ್ಕೋರು | ಜೂನ್ 16

ಅದು ಚಾರ್ಜರ್ ಡೇಟೋನಾ, ಅದೂ 1969. ಅದರ ಕಥೆ ಗೊತ್ತಾದರೆ ನಮ್ಮ ಕಾರಿನ ಆಕಾರವೂ ಅರ್ಥ ಆಗುತ್ತದೆ.

ನಮ್ಮ ಚಾರ್ಜರಿನ ಗ್ರಿಲ್ ಒಳಗೆ ಸರಿದಿದೆ, ಹಿಂದಿನ ಗಾಜು ಎರಡು ಗೋಡೆಗಳ ನಡುವೆ ಕೂತಿದೆ. ನೋಡಲು ಚೆಂದ. ರೇಸ್ ಟ್ರ್ಯಾಕಿನಲ್ಲಿ ಮಾತ್ರ ಅದೇ ತೊಂದರೆ. ಗ್ರಿಲ್ ಗಾಳಿಯನ್ನು ಬೊಗಸೆಯಲ್ಲಿ ಹಿಡಿದ ಹಾಗೆ ಹಿಡಿಯುತ್ತಿತ್ತು. ಹಿಂದಿನ ಗಾಜಿನ ಬಳಿ ಗಾಳಿ ಸುಳಿ ತಿರುಗಿ ಕಾರಿನ ಹಿಂಭಾಗ ಮೇಲೇಳುತ್ತಿತ್ತು. ಮೊದಲು ಗ್ರಿಲ್ ಮುಂದೆ ತಂದು, ಗಾಜು ಸಪಾಟು ಮಾಡಿ ಚಾರ್ಜರ್ 500 ಮಾಡಿದರು. ಅದು ಸಾಲದೆ ಚೂಪು ಮೂಗು, ಆಳೆತ್ತರ ಅನ್ನಿಸುವ ರೆಕ್ಕೆ ಸೇರಿಸಿ ಡೇಟೋನಾ ಮಾಡಿದರು. ಸುಮಾರು 500 ಕಾರು ಮಾತ್ರ ತಯಾರಾದದ್ದು. 1970ರ ಮಾರ್ಚ್ 24ರಂದು ಟ್ಯಾಲಡೇಗಾ ರೇಸ್ ಟ್ರ್ಯಾಕಿನಲ್ಲಿ ರೇಸ್ ಚಾಲಕ ಬಡ್ಡಿ ಬೇಕರ್ ಅದರಲ್ಲಿ ಗಂಟೆಗೆ 200 ಮೈಲಿ ದಾಟಿದರು. ನಮ್ಮ ಲೆಕ್ಕದಲ್ಲಿ 322 ಕಿಲೋಮೀಟರ್.

ಡೇಟೋನಾ ಮಾದರಿ ಬೇರೆ ಬೇರೆ ಅಳತೆಯಲ್ಲಿ ಈಗಾಗಲೇ ಸಿಗುತ್ತದೆ. ನನಗೆ ಮನಸ್ಸಿರುವುದು ರೆಕ್ಕೆ ಇಲ್ಲದ್ದರ ಮೇಲೆ. ಗಾಳಿಗೆ ತೊಂದರೆ ಕೊಟ್ಟ ಆ ಹಿಂದಿನ ಗಾಜೇ ನನಗೆ ಇಷ್ಟ.

ಭಟ್ಕಳ ಗಲ್ಫ್ | ಜುಲೈ 3

ಮಳೆ ಜೋರಾಗಿದೆ. ನನ್ನ ಹಳೇ 1:18 ಕಾರಿನ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದಿವೆ. ಡಬ್ಬಿಯಿಂದ ಹೊರಗೇ ತೆಗೆದಿರಲಿಲ್ಲ, ಅಷ್ಟು ಜೋಪಾನ ಮಾಡಿದ್ದೆ. ಯಾಕೆ ಹೀಗಾಯಿತು?

ಕೋಡಿಬಾಗ ಕಾಳಿದಂಡೆ | ಜುಲೈ 3

ಡಬ್ಬಿಯೊಳಗೇ ಇಟ್ಟದ್ದರಿಂದ ಆಯಿತು. ನಾನೂ ಹೀಗೇ ಒಂದು ಕಾರು ಹಾಳು ಮಾಡಿಕೊಂಡಿದ್ದೇನೆ. ಸಂಕಟ ಗೊತ್ತು.

ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಡಬ್ಬಿಯ ಥರ್ಮೋಕೋಲ್, ಕಾರಿಗೆ ಸುತ್ತಿದ ತೆಳು ಪ್ಲಾಸ್ಟಿಕ್ ಎರಡೂ ತೇವವನ್ನು ಒಳಗೇ ಹಿಡಿದಿಡುತ್ತವೆ. ಬಣ್ಣದ ಕೆಳಗೆ ಸತುವಿಗೆ ಬಿಳಿ ಪದರ ಬಂದು ಗುಳ್ಳೆ ಏಳುತ್ತದೆ. ಒಮ್ಮೆ ಎದ್ದರೆ ಇಳಿಯುವುದಿಲ್ಲ. ನಾನು ಈಗ ಏನು ಮಾಡುತ್ತೇನೆ ಹೇಳುತ್ತೇನೆ. ಮೇ ಕೊನೆಗೆ ಎಲ್ಲ ಕಾರನ್ನೂ ಪ್ಲಾಸ್ಟಿಕ್ ಬಿಚ್ಚಿ ಗಾಜಿನ ಕಪಾಟಿಗೆ ಹಾಕುತ್ತೇನೆ. ಹೊರಗಿನ ಗೋಡೆಗೆ ತಾಗಿಸಿ ಇಡುವುದಿಲ್ಲ, ಒಂದು ಗೇಣು ಮುಂದಕ್ಕೆ. ಪ್ರತಿ ಹಲಗೆಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್ ಒಂದು ಬಟ್ಟಲು. ಬಣ್ಣ ಬದಲಾದ ದಿನ ಹಳೇ ತಗಡಿನ ತಟ್ಟೆಯಲ್ಲಿ ಬಿಸಿ ಮಾಡಿ ಒಣಗಿಸುತ್ತೇನೆ. ಅಡುಗೆಯ ಪಾತ್ರೆ ಅದಕ್ಕೆ ಬಳಸಬೇಡಿ.

ಮತ್ತೆ ಡಾಂಬರು ಗುಳಿಗೆ ಹಾಕಬೇಡಿ. ಬಟ್ಟೆಗೆ ಒಳ್ಳೆಯದು, ಕಾರಿನ ಪ್ಲಾಸ್ಟಿಕ್‌ಗೆ ಅಲ್ಲ. ಅದರ ಆವಿಗೆ ಕೆಲವು ಪ್ಲಾಸ್ಟಿಕ್ ಮೆತ್ತಗಾಗುತ್ತದೆ.

ಶಿರಸಿ ಅಡಕೆತೋಟ | ಜುಲೈ 4

ಘಟ್ಟದ ಮೇಲೂ ಅದೇ ಕಥೆ. ಇಲ್ಲಿ ಉಪ್ಪುಗಾಳಿ ಇಲ್ಲ, ಆದರೆ ಬೂಷ್ಟು ಜಾಸ್ತಿ. ಡಬ್ಬಿಯ ರಟ್ಟಿಗೆ ಮೊದಲು ಹಿಡಿಯುತ್ತದೆ. ಡಬ್ಬಿಗಳನ್ನು ನಾನು ಒಲೆ ಮೇಲಿನ ಅಟ್ಟದ ಪಕ್ಕದ ಕೋಣೆಯಲ್ಲಿ ಇಡುತ್ತೇನೆ. ಹೊಗೆ ತಾಗುವುದಿಲ್ಲ, ಬಿಸಿ ತಾಗುತ್ತದೆ.

ಇನ್ನೊಂದು ವಿಷಯ. ಮೆತ್ತನೆ ಟಯರು ವರ್ಷಗಟ್ಟಲೆ ಪ್ಲಾಸ್ಟಿಕ್ ಹಲಗೆ ಮೇಲೆ ನಿಂತರೆ ಅದರಿಂದ ಎಣ್ಣೆ ಥರ ಜಿಡ್ಡು ಬಂದು ಹಲಗೆಯನ್ನೇ ಕರಗಿಸುತ್ತದೆ. ಕಾರಿನ ಹೊಟ್ಟೆಯ ಕೆಳಗೆ ಚಿಕ್ಕ ಮರದ ತುಂಡು ಇಟ್ಟು ಚಕ್ರ ಮೇಲೆ ಎದ್ದಿರುವ ಹಾಗೆ ನಿಲ್ಲಿಸಿ.

ಅಂಕೋಲಾ ಅಕ್ಕೋರು | ಜುಲೈ 16

ಇವತ್ತು ಶಿರೂರಿನ ನೆನಪು. 2024ರ ಇದೇ ದಿನ ಗುಡ್ಡ ಕುಸಿದದ್ದು. ನಮ್ಮ ತಾಲೂಕಿನವರು ಆ ದಿನ ಮರೆಯುವುದಿಲ್ಲ. ಹೆದ್ದಾರಿ 66 ಬಂದ್ ಆಗಿತ್ತು, ಜನ ಮನೆಯವರ ದಾರಿ ಕಾಯುತ್ತಿದ್ದರು. ಇಂಥ ತಿಂಗಳಲ್ಲಿ ನಮ್ಮ ಪಾರ್ಸೆಲ್ ಬರದೇ ಇದ್ದರೆ ನನಗೆ ಬೇಜಾರಿಲ್ಲ. ಮಳೆ ನಿಂತ ಮೇಲೆಯೇ ಬರಲಿ.

ದೇವಿಕೆರೆ | ಆಗಸ್ಟ್ 9

ಕಾರು ಬಿಟ್ಟರೂ ಇಲ್ಲಿ ಬಂದು ಓದುವುದು ಬಿಟ್ಟಿಲ್ಲ. ನಮ್ಮ ದೇಶದ ಕಾಂಟೆಸ್ಸಾವನ್ನು ಯಾರಾದರೂ ಹೀಗೆ ಸರಿಯಾದ ಅಳತೆಯಲ್ಲಿ ಮಾಡಬೇಕು ಅಂತ ನನ್ನ ಆಸೆ. ನಮ್ಮ ದೊಡ್ಡಪ್ಪನ ಹತ್ತಿರ ಬಿಳಿ ಕಾಂಟೆಸ್ಸಾ ಇತ್ತು. ದೇವಿಮನೆ ಘಟ್ಟ ಹತ್ತುವಾಗ ಎಲ್ಲರೂ ಉಸಿರು ಹಿಡಿದು ಕೂರುತ್ತಿದ್ದೆವು. ಶುರುವಿನ ಕಾಂಟೆಸ್ಸಾಕ್ಕೆ ಅಂಬಾಸಿಡರಿನ 1.5 ಲೀಟರ್ ಎಂಜಿನ್ನೇ ಹಾಕಿದ್ದರು, 50 ಅಶ್ವಶಕ್ತಿ ಆಸುಪಾಸು. ಇಸುಜು ಎಂಜಿನ್ ಬಂದದ್ದು ಆಮೇಲೆ. ಮುಖ ಮಾತ್ರ ಮೊದಲ ದಿನದಿಂದಲೂ ಮಸಲ್ ಕಾರಿನದೇ. ಉದ್ದ ಬಾನೆಟ್, ಅಗಲ ಎದೆ.

ಮುಂಗಡದ ಬಗ್ಗೆ ಹೊಸಬರಿಗೆ ಒಂದು ಎಚ್ಚರಿಕೆ. ಹಿಂದೆ ನಾನು ಒಂದು ಆನ್‌ಲೈನ್ ಅಂಗಡಿಗೆ ಪೂರ್ತಿ ದುಡ್ಡು ಕಟ್ಟಿ ಮೋಸ ಹೋಗಿದ್ದೇನೆ. ಆರು ತಿಂಗಳಾದ ಮೇಲೆ ಫೋನೇ ಎತ್ತಲಿಲ್ಲ. ಎಷ್ಟೇ ಆಸೆ ಇದ್ದರೂ ಪೂರ್ತಿ ಕಟ್ಟಬೇಡಿ. ಚಿಕ್ಕ ಮುಂಗಡ ಕೊಡಿ, ವಾಪಸಿನ ಷರತ್ತು ಬರಹದಲ್ಲಿ ತಗೊಳ್ಳಿ.

ಕೋಡಿಬಾಗ ಕಾಳಿದಂಡೆ | ಸೆಪ್ಟೆಂಬರ್ 11

ಬಂತು! ತಿದ್ದಿದ ಮಾದರಿಯ ಚಿತ್ರ ಬಂತು! ಮಾರ್ಕರ್ ಆಯತಾಕಾರ. ನಾಲ್ಕೂ ಕಡೆ. ನಮ್ಮ ಪತ್ರದ ಜೊತೆ ಬೇರೆ ದೇಶದವರೂ ಇದನ್ನೇ ಬರೆದಿದ್ದರಂತೆ. ಎಲ್ಲರಿಗೂ ಧನ್ಯವಾದ ಹೇಳಿದ್ದಾರೆ. ಅಕ್ಕೋರೇ, ನಿಮ್ಮ ಕಣ್ಣಿಗೆ ನಮಸ್ಕಾರ.

ಶರಾವತಿ ಡೈಮೇಕರ್ | ಸೆಪ್ಟೆಂಬರ್ 11

ದೊಡ್ಡದು ಮಾಡಿ ನೋಡಿದೆ. ಹಿಂದಿನ ಬಲ ಮಾರ್ಕರಿನ ಸುತ್ತ ಉಂಗುರದ ಹಾಗೆ ಒಂದು ತೆಳು ನೆರಳು ಇದೆ, ಕಾಣಿಸಿತಾ? ಅಲ್ಲೇ ಹಳೇ ದುಂಡು ಇತ್ತು. ವೆಲ್ಡ್ ತುಂಬಿ ಪಾಲಿಶ್ ಹೊಡೆದ ಜಾಗ. ಬಣ್ಣ ಬಿದ್ದ ಮೇಲೆ ಕಾಣಿಸುವುದಿಲ್ಲ. ಒಳ್ಳೆಯ ಕೈ ಕೆಲಸ. ಯಾರು ಮಾಡಿದ್ದಾರೋ, ಅವರಿಗೆ ನನ್ನ ಮೆಚ್ಚುಗೆ.

ಅಂಕೋಲಾ ಅಕ್ಕೋರು | ಸೆಪ್ಟೆಂಬರ್ 12

ಶಾಲೆಯಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ನೋಡಿದೆ. ಕಣ್ಣು ತುಂಬಿ ಬಂತು.

ಶಿರಸಿ ಅಡಕೆತೋಟ | ಅಕ್ಟೋಬರ್ 6

ಬಣ್ಣದ ಚಿತ್ರಗಳೂ ಬಂದಿವೆ. ನೀಲಿ ಚೆನ್ನಾಗಿದೆ, ಮಿನುಗಿನ ಕಣ ತುಂಬಾ ಸಣ್ಣದು. ಕಣ ದೊಡ್ಡದಾದರೆ ಇಷ್ಟು ಚಿಕ್ಕ ಕಾರಿನ ಮೇಲೆ ಜರಿ ಚೆಲ್ಲಿದ ಹಾಗೆ ಕಾಣುತ್ತದೆ, ಇಲ್ಲಿ ಹಾಗಾಗಿಲ್ಲ. ಹಿಂದಿನ ಪಟ್ಟಿಯೂ ಸರಿ. ನಡುವೆ ಅಗಲದ್ದು, ಎರಡು ಪಕ್ಕ ತೆಳುವಾದದ್ದು. ಟಯರಿನ ಕೆಂಪು ಗೆರೆ ಸ್ವಲ್ಪವೂ ಅಲುಗಾಡಿಲ್ಲ.

ಕೋಡಿಬಾಗ ಕಾಳಿದಂಡೆ | ಅಕ್ಟೋಬರ್ 20

ಪಾರ್ಸೆಲ್ ಹೊರಟಿದೆ. ಐದು ಕಾರು. ಸುಂಕ ಮೊದಲು ನಾನು ಕಟ್ಟುತ್ತೇನೆ, ರಸೀದಿಯ ಚಿತ್ರ ಹಾಕುತ್ತೇನೆ, ಐದು ಪಾಲು ಮಾಡೋಣ. ಅಕ್ಕೋರ ಕಾರನ್ನು ನಾನೇ ಅಂಕೋಲಾಕ್ಕೆ ತಂದುಕೊಡುತ್ತೇನೆ. ಭಟ್ಕಳದ್ದು ಕೊಂಕಣ ರೈಲಿನಲ್ಲಿ ನನ್ನ ತಮ್ಮ ತರುತ್ತಾನೆ. ಯಲ್ಲಾಪುರದವರೂ ಶಿರಸಿಯವರೂ ಭಾನುವಾರ ಕಾರವಾರಕ್ಕೇ ಬನ್ನಿ. ಮನೆಯಲ್ಲಿ ಊಟ. ದೇವಿಕೆರೆಯವರೇ, ನೀವೂ ಬರಬೇಕು. ಮಗಳನ್ನೂ ಕರೆದುಕೊಂಡು ಬನ್ನಿ.

ದೇವಿಕೆರೆ | ಅಕ್ಟೋಬರ್ 20

ಬರುತ್ತೇವೆ. ಹಸಿರು ಕಾರಿನ ಬಾನೆಟ್ ತೆರೆಯುವುದು ತಾನೇ ಅಂತ ಮಗಳು ಈಗಲೇ ಹೇಳಿದ್ದಾಳೆ. ಯಲ್ಲಾಪುರದವರು ಒಪ್ಪಿದರೆ ಮಾತ್ರ.

ಯಲ್ಲಾಪುರ ಹೊಸಬ | ಅಕ್ಟೋಬರ್ 20

ಒಪ್ಪಿದೆ, ಅವಳೇ ತೆರೆಯಲಿ. ಸಿಲಿಕಾ ಜೆಲ್ ತಂದಿಟ್ಟಿದ್ದೇನೆ, ಮರದ ತುಂಡು ಕೊಯ್ದಿದ್ದೇನೆ, ಸ್ಕೇಲ್ ಬ್ಯಾಗಿನಲ್ಲಿ ಹಾಕಿದ್ದೇನೆ. ಚಕ್ರದಿಂದ ಚಕ್ರಕ್ಕೆ 16.5 ಸೆಂಟಿಮೀಟರ್, ಅಲ್ವಾ ಅಕ್ಕೋರೇ?

ಅಂಕೋಲಾ ಅಕ್ಕೋರು | ಅಕ್ಟೋಬರ್ 20

ಹೌದು ತಮ್ಮಾ. ಚಕ್ರದ ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆಯಬೇಕು.